ಸತ್ತ ಅತ್ತೆಗೆ ಮದುವೆ ಮಾಡಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲೊಂದು ಮದುವೆ ನಡೆಯಿತು. ಆ ಮದುವೆಗೆ ಮದುಮಗಳೂ ಇರಲಿಲ್ಲ, ಮದುಮಗನೂ ಇರಲಿಲ್ಲ. ಇಬ್ಬರೂ ಸತ್ತು ಎಷ್ಟೋ ವರ್ಷವಾಗಿತ್ತು. ನಗಬೇಡಿ ಮಕ್ಕಳೇ, ಅಜ್ಜಿಗೆ ಅರಳುಮರಳು ಎಂದೂ ಹೇಳಬೇಡಿ. ಇದು ನನ್ನ ಕಣ್ಣೆದುರೇ ನಡೆದದ್ದು. ಮದುಮಗಳು ನನ್ನ ಸ್ವಂತ ಅತ್ತೆ, ಅಂದರೆ ಅಪ್ಪನ ತಂಗಿ. ಮಾತು ಕಲಿಯುವ ಪ್ರಾಯದಲ್ಲೇ ಜ್ವರ ಬಂದು ತೀರಿಹೋದವಳು. ಅವಳಿಗೆ ಮದುವೆ ಮಾಡಿದ್ದು ನನ್ನ ಅಕ್ಕನಿಗೋಸ್ಕರ.

ಬೋವಿಕಾನದ ಪೇಟೆಯಲ್ಲಿ ಅಪ್ಪನಿಗೊಂದು ಚಾದಂಗಡಿ ಇತ್ತು. ಆಗ ಕಾಸರಗೋಡು ಕೇರಳಕ್ಕೆ ಸೇರಿರಲಿಲ್ಲ, ಮಂಗಳೂರಿನ ಜೊತೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಪೇಟೆ ಎಂದರೆ ನೀವು ನೋಡುವಂಥದ್ದಲ್ಲ. ಬೆರಳೆಣಿಕೆಯ ಅಂಗಡಿಗಳು, ಹಗಲಿಗೆ ಒಂದೋ ಎರಡೋ ಬಸ್ಸು. ಅಂಗಡಿಯ ಹಿಂದೆಯೇ ನಮ್ಮ ಮನೆ. ಬೆಳಗಾಗುವ ಮೊದಲೇ ಸೌದೆ ಒಲೆಯ ಹೊಗೆ, ಬೇಯುವ ಕಡಲೆಯ ಪರಿಮಳ, ತೆಂಗಿನೆಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು. ಆ ಒಗ್ಗರಣೆ ಅಕ್ಕನ ಕೈಯದ್ದು. ಅಕ್ಕನಿಗೋ ಬಾಯಿ ತುಂಬ ಮಾತು. ಅಂಗಡಿಗೆ ಬರುವವರಿಗೆಲ್ಲ ಒಂದೊಂದು ಅಡ್ಡಹೆಸರು ಇಟ್ಟು, ಬಾಗಿಲ ಮರೆಯಿಂದ ನನಗೆ ತೋರಿಸಿ ನಗಿಸುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ನಗಬೇಕು, ಹಾಗೆ.

ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ ಅದೆಲ್ಲ ನಿಂತುಹೋಯಿತು. ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಮೊದಲು ತಲೆ ಬಾಚುವುದನ್ನು ಬಿಟ್ಟಳು. ಆಮೇಲೆ ನಿದ್ದೆ ಬಿಟ್ಟಳು. ಚಾ ಕುಡಿಯಲು ಬರುವವರೆಲ್ಲ ತನ್ನ ವಿಷಯವನ್ನೇ ಮಾತಾಡುತ್ತಾರೆ ಎನ್ನತೊಡಗಿದಳು. ಗೋಡೆಯ ಕಡೆ ಮುಖ ಮಾಡಿ ಕೂತವಳು ಇದ್ದಕ್ಕಿದ್ದಂತೆ ಯಾರಿಗೋ ಉತ್ತರ ಕೊಡುತ್ತಿದ್ದಳು. ಅಮ್ಮ ಕೊಟ್ಟ ಗಂಜಿಯಲ್ಲಿ ವಿಷ ಉಂಟು ಎಂದು ಬಟ್ಟಲು ತಳ್ಳುತ್ತಿದ್ದಳು. ಹೆತ್ತ ತಾಯಿ ಕೊಟ್ಟ ಗಂಜಿಯಲ್ಲಿ ವಿಷ! ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಚೆಲ್ಲಿದ್ದನ್ನು ಬಳಿಯುತ್ತಿದ್ದರು. ಮನೆಯಲ್ಲಿ ಅಕ್ಕ ನಂಬುತ್ತಿದ್ದದ್ದು ನನ್ನೊಬ್ಬಳನ್ನೇ. ನಾನು ಒಂದು ಗುಟುಕು ಕುಡಿದು ತೋರಿಸಿದರೆ ಆಮೇಲೆ ಅವಳು ಕುಡಿಯುತ್ತಿದ್ದಳು. ಹಾಗಾಗಿ ಆ ವರ್ಷವೆಲ್ಲ ಅಕ್ಕನ ಬಟ್ಟಲಿನ ಮೊದಲ ಗುಟುಕು ನನ್ನದೇ.

"ಯಾರ ಹತ್ರ ಮಾತಾಡುದು ನೀನು?" ಎಂದು ಅಮ್ಮ ಒಂದು ದಿನ ಕೇಳಿದರು.

"ಒಂದು ಹೆಣ್ಣು. ಹೆಸರು ಹಿಡಿದು ಕರೀತದೆ" ಎಂದಳು ಅಕ್ಕ.

ಅಷ್ಟೇ ಸಾಕಾಯಿತು. ಅಪ್ಪ ಜ್ಯೋತಿಷ್ಯದವರನ್ನು ಕರೆಸಿದರು. ಅವರು ಮಣೆಯ ಮೇಲೆ ಕವಡೆ ಹರಡಿ, ತುಂಬ ಹೊತ್ತು ನೋಡಿ, "ಇದು ಮನೆಯ ಹೆಣ್ಣೇ. ಸಣ್ಣದರಲ್ಲಿ ಹೋದದ್ದು. ಈಗ ಅದಕ್ಕೆ ಮದುವೆಯ ಪ್ರಾಯ ದಾಟಿದೆ. ಅದಕ್ಕೊಂದು ಮದುವೆ ಮಾಡಿಸಿ, ನಿಮ್ಮ ಮಗಳನ್ನು ಬಿಟ್ಟು ಹೋಗ್ತದೆ" ಎಂದರು. ನಮ್ಮ ಕಡೆ ಸತ್ತವರನ್ನು ಕುಲೆ ಎನ್ನುತ್ತಾರೆ. ಸತ್ತ ಮಕ್ಕಳು ಕಾಣದ ಲೋಕದಲ್ಲಿ ನಮ್ಮ ಹಾಗೆಯೇ ಬೆಳೆಯುತ್ತವೆ, ಪ್ರಾಯಕ್ಕೆ ಬರುತ್ತವೆ, ಮದುವೆಯಾಗದಿದ್ದರೆ ಮನೆಯವರಿಗೆ ಉಪದ್ರ ಕೊಡುತ್ತವೆ ಎಂದು ನಂಬಿಕೆ. ಅಂಥ ಕುಲೆಗೆ ಇನ್ನೊಂದು ಕುಲೆಯನ್ನು ಹುಡುಕಿ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡುವುದು ಹಿಂದಿನಿಂದ ಬಂದ ಕ್ರಮ. ಅಪ್ಪ ಗಂಡು ಹುಡುಕಲು ಹೊರಟರು. ಸತ್ತವರ ಸಂಬಂಧವಾದರೇನು, ಜಾತಿ ನೋಡಬೇಕು, ಬಳಿ ಅಂದರೆ ಗೋತ್ರ ನೋಡಬೇಕು! ಕಡೆಗೆ ಪುತ್ತಿಗೆಯ ಕಡೆ ಒಂದು ಮನೆಯಲ್ಲಿ ಗಂಡು ಸಿಕ್ಕಿತು. ಹಾವು ಕಚ್ಚಿ ತೀರಿಹೋದ ಹುಡುಗ.

ಮದುವೆಯ ದಿನ ಗಂಡಿನ ಕಡೆಯವರು ಓಲೆಕೊಡೆ ಹಿಡಿದು, ಕಾಲಿನ ಕೆಸರು ಅಂಗಳದಲ್ಲಿ ತೊಳೆದು ಒಳಗೆ ಬಂದರು. ಹುಡುಗನ ತಾಯಿಗೆ ಆಗಲೇ ತಲೆ ನರೆತಿತ್ತು. ಆಕೆಯ ಮುಖದಲ್ಲಿ ನಿಜವಾದ ಮದುವೆಯ ಸಂಭ್ರಮ ಇತ್ತು. ಚಾವಡಿಯಲ್ಲಿ ಎರಡು ಮಣೆ ಇಟ್ಟಿದ್ದರು. ಒಂದರ ಮೇಲೆ ಕೆಂಪು ಸೀರೆ, ಕುಪ್ಪಸ, ಗಾಜಿನ ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಮಡಚಿಟ್ಟ ಬಿಳಿ ವೇಷ್ಟಿ, ಶಾಲು. ಹೊಸ ಬಟ್ಟೆಯ ಗಂಜಿ ವಾಸನೆ, ಮಲ್ಲಿಗೆಯ ವಾಸನೆ, ಒಳಗಿನಿಂದ ಕೋಳಿ ಪದಾರ್ಥದ ವಾಸನೆ ಎಲ್ಲ ಒಟ್ಟಿಗೆ ಬರುತ್ತಿತ್ತು. ಅಮ್ಮ ಅಕ್ಕನ ತಲೆಗೆ ಎಣ್ಣೆ ಹಚ್ಚಿ, ಗಂಟು ಬಿಡಿಸಿ, ಬಾಚಿ ಕಂಬದ ಪಕ್ಕ ಕೂರಿಸಿದ್ದರು. ನಾನು ಅವಳ ಕೈ ಹಿಡಿದು ಕೂತಿದ್ದೆ. ಅವಳ ಕೈ ತಣ್ಣಗಿತ್ತು.

ಸೀರೆಗೂ ವೇಷ್ಟಿಗೂ ಹಾರ ಬದಲಾಯಿಸಿದರು. ಧಾರೆಯ ನೀರು ಬಿಟ್ಟರು. ಆದರೆ ಮದುಮಕ್ಕಳ ಮಣೆಯನ್ನು ನೋಡುತ್ತಿದ್ದವರು ಯಾರೂ ಇಲ್ಲ, ಎಲ್ಲರ ಕಣ್ಣು ಅಕ್ಕನ ಮೇಲೆ. ಅಪ್ಪ ಅವಳ ಎದುರು ಬಂದು ಕುಕ್ಕರುಗಾಲಿನಲ್ಲಿ ಕೂತರು. ಅಂಗಡಿಯಲ್ಲಿ ದೊಡ್ಡ ಗಂಟಲಿನ ಅಪ್ಪ ಅವತ್ತು ಮೆಲ್ಲಗೆ ಕೇಳಿದರು.

"ಮಗಾ, ಈಗ ಕರೀತದಾ?"

ಅಕ್ಕ ಕತ್ತು ಓರೆ ಮಾಡಿ ಆಲಿಸಿದಳು. ಇಲ್ಲ ಅನ್ನು, ಇಲ್ಲ ಅನ್ನು ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

"ಈಗ ಇಬ್ಬರು ಮಾತಾಡ್ತಾರೆ ಅಪ್ಪ" ಎಂದಳು ಅಕ್ಕ. "ಒಂದು ಗಂಡಸಿನ ದನಿಯೂ ಉಂಟು."

ಹುಡುಗನ ತಾಯಿ ಎದ್ದು ಓಡಿಬಂದು ಅಕ್ಕನ ಗಲ್ಲ ಹಿಡಿದುಕೊಂಡರು. "ನನ್ನ ಮಗನಾ? ಎಂತ ಹೇಳ್ತಾನೆ ಮಗಾ? ಅಮ್ಮನನ್ನು ಕೇಳಿದನಾ?"

ಅಕ್ಕ ಆಕೆಯ ಮುಖವನ್ನೇ ನೋಡಿದಳು. ಎಷ್ಟೋ ತಿಂಗಳಿನಿಂದ ಅವಳು ಯಾರ ಮುಖವನ್ನೂ ಹಾಗೆ ನೋಡಿರಲಿಲ್ಲ. "ನಿಮ್ಮ ಮಗ ಅಲ್ಲ. ನನ್ನನ್ನು ಬೈತಾರೆ. ನೀನು ಯಾರಿಗೂ ಬೇಡ ಹೇಳ್ತಾರೆ" ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಅದು ಅತ್ತೆಯೂ ಅಲ್ಲ. ಅತ್ತೆ ಅಂತ ನಾನು ಯಾವಾಗ ಹೇಳಿದೆ? ನೀವೇ ಹೇಳಿದ್ದು" ಎಂದಳು.

ಹೌದಲ್ಲ! ಒಂದು ಹೆಣ್ಣು ಕರೆಯುತ್ತದೆ ಎಂದಷ್ಟೇ ಅವಳು ಹೇಳಿದ್ದು. ಯಾವ ಹೆಣ್ಣು, ಯಾಕೆ ಕರೆಯುತ್ತದೆ, ಅದಕ್ಕೆ ಎಂತ ಬೇಕು, ಇದೆಲ್ಲವನ್ನೂ ತುಂಬಿಸಿದ್ದು ನಾವು. ನೆಂಟರೊಬ್ಬರು ಕೆಮ್ಮಿ, "ಇನ್ನೊಮ್ಮೆ ಕವಡೆ ಇಡಿಸಿ ನೋಡುವ" ಎಂದರು. ಅಪ್ಪ ಎದ್ದು ನಿಂತು, "ಸಾಕು ಮಾರಾಯ್ರೇ. ನಾಳೆ ಮಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೇನೆ" ಎಂದರು.

ಆಮೇಲೆ ಎಲ್ಲರೂ ಊಟಕ್ಕೆ ಕೂತೆವು. ಏನು ಮಾಡುವುದು, ಮದುವೆಯ ಊಟ ಅಲ್ಲವಾ? ಮದುಮಕ್ಕಳಿಗೂ ಎರಡು ಎಲೆ ಹಾಕಿ ಬಡಿಸಿದರು. ಕೋಳಿ, ರೊಟ್ಟಿ ಎಂದರೆ ಪ್ರಾಣ ಬಿಡುವ ನಾನು ಅವತ್ತು ತಿಂದೆ, ರುಚಿ ತಿಳಿಯಲಿಲ್ಲ. ಅಳುವೂ ಬರಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ನಮಗೆಲ್ಲ ಹಾಗೆ ಆಗಿತ್ತು. ಹುಡುಗನ ತಾಯಿ ಎಲೆಯ ಮುಂದೆ ಕೂತು ಅನ್ನವನ್ನು ಕಲಸುತ್ತಲೇ ಇದ್ದರು.

ಮರುದಿನ ಕಾಸರಗೋಡಿನವರೆಗೆ ಬಸ್ಸು, ಅಲ್ಲಿಂದ ರೈಲು. ಅಕ್ಕನಿಗೆ ನೀರು ಕುಡಿಸಬೇಕಲ್ಲ, ಅದಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಆಸ್ಪತ್ರೆ ತುಂಬ ಫಿನಾಯಿಲಿನ ವಾಸನೆ. ಡಾಕ್ಟರು ಅಕ್ಕನ ಹತ್ತಿರ ತುಂಬ ಹೊತ್ತು ಮೆಲ್ಲಗೆ ಮಾತಾಡಿ, ಅಪ್ಪನನ್ನು ಕೇಳಿದರು: "ಶುರುವಾಗಿ ಎಷ್ಟು ಸಮಯ ಆಯ್ತು?"

"ವರ್ಷ ಆಗ್ತಾ ಬಂತು."

"ಇಷ್ಟು ಸಮಯ ಎಂತ ಮಾಡಿದ್ರಿ?"

"ಮದುವೆ ಮಾಡಿದೆವು ಡಾಕ್ಟ್ರೇ" ಎಂದರು ಅಪ್ಪ. ತಲೆ ತಗ್ಗಿಸಿಯೇ ಎಲ್ಲವನ್ನೂ ಹೇಳಿದರು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ.

"ಇದು ಮಿದುಳಿಗೆ ಬರುವ ಕಾಯಿಲೆ" ಎಂದರು. "ಅವಳು ನಾಟಕ ಮಾಡುದಲ್ಲ. ನನ್ನ ಮಾತು ನಿಮಗೆ ಕೇಳುವ ಹಾಗೆಯೇ ಅವಳಿಗೆ ಆ ದನಿ ಕೇಳ್ತದೆ. ವಿಷ ಉಂಟು ಅಂತ ಅವಳಿಗೆ ನಿಜವಾಗಿಯೂ ಹೆದರಿಕೆ ಆಗ್ತದೆ."

"ನಾನು ಸಾಕಿದ್ದರಲ್ಲಿ ಎಂತಾದ್ರೂ ತಪ್ಪಾಯ್ತಾ ಡಾಕ್ಟ್ರೇ?" ಎಂದು ಅಮ್ಮ ಕೇಳಿದರು.

"ಇಲ್ಲಮ್ಮಾ. ನಿಮ್ಮಿಂದಲೂ ಅಲ್ಲ, ಅವಳಿಂದಲೂ ಅಲ್ಲ, ಸತ್ತವರಿಂದಂತೂ ಅಲ್ಲ."

ಅಮ್ಮ ಅಲ್ಲೇ ನೆಲದ ಮೇಲೆ ಕೂತು ಅತ್ತರು. ಮನೆಯಲ್ಲಿ ಅವತ್ತಿನವರೆಗೆ ಅಮ್ಮ ಹಾಗೆ ಗಟ್ಟಿಯಾಗಿ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಆ ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂದು ಹೆಸರು. ದನಿ ಕೇಳುವುದು, ಸುಮ್ಮಸುಮ್ಮನೆ ಸಂಶಯ ಬರುವುದು, ಮಾತು ಎಲ್ಲಿಂದೆಲ್ಲಿಗೋ ಹಾರುವುದು, ಯಾವುದರಲ್ಲೂ ಆಸೆ ಇಲ್ಲದೆ ಮೂಲೆ ಸೇರುವುದು, ಎಲ್ಲ ಅದರದ್ದೇ ಲಕ್ಷಣ. ಸಾಮಾನ್ಯವಾಗಿ ಎಳೆ ಪ್ರಾಯದಲ್ಲೇ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ವಂಶದಲ್ಲಿ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಬದುಕಿನ ಕಷ್ಟಗಳೂ ಕೆಲವೊಮ್ಮೆ ಸೇರಿಕೊಳ್ಳುತ್ತವೆ. ಇಂಥದ್ದೊಂದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಡಾಕ್ಟರುಗಳಿಗೂ ಆಗುವುದಿಲ್ಲವಂತೆ. ಆಗ ಅದಕ್ಕೆ ಸರಿಯಾದ ಮಾತ್ರೆ ಇರಲಿಲ್ಲ. ತಲೆಗೆ ಕರೆಂಟು ಕೊಡುತ್ತಿದ್ದರು. ಅಕ್ಕ ಮನೆಗೆ ಬಂದಾಗ ಮೆತ್ತಗಾಗಿದ್ದಳು, ಎಷ್ಟೋ ವಿಷಯ ಮರೆತಿದ್ದಳು. ಒಂದೆರಡು ವರ್ಷ ಕಳೆದು ಹೊಸ ಮಾತ್ರೆಗಳು ಬಂದವು. ದನಿ ಪೂರ್ತಿ ಹೋಗಲಿಲ್ಲ. "ಆಚೆಮನೆಯ ರೇಡಿಯೋ ಹಾಗೆ ಕೇಳ್ತದೆ, ಬಿಡು" ಎನ್ನುತ್ತಿದ್ದಳು. ಸರಿಹೋಯಿತೆಂದು ಮಾತ್ರೆ ನಿಲ್ಲಿಸಿದಾಗ ಆ ದನಿ ಮತ್ತೆ ಹತ್ತಿರ ಬಂತು. ಆಮೇಲೆ ಅವಳು ಮಾತ್ರೆ ತಪ್ಪಿಸಲಿಲ್ಲ. ಮುದುಕಿಯಾಗುವವರೆಗೆ ನಮ್ಮ ಜೊತೆಗೇ ಇದ್ದಳು, ಅಂಗಡಿಗೆ ಕಡಲೆ ಬೇಯಿಸಿದಳು. ಆ ತುಂಟ ಅಕ್ಕ ಮಾತ್ರ ತಿರುಗಿ ಬರಲಿಲ್ಲ. ನನಗೆ ಈಗಲೂ ಅವಳೇ ಬೇಕು ಅನ್ನಿಸುತ್ತದೆ.

ನಿಮ್ಮ ಲೋಕ ಬೇರೆ ಮಕ್ಕಳೇ. ಮೊನ್ನೆ ನನ್ನ ಮೊಮ್ಮಗಳು ಊಟ ಮಾಡುತ್ತ ಹೇಳಿದಳು: "ಅಜ್ಜಿ, ನನ್ನ ಫ್ರೆಂಡ್ ಅಣ್ಣನಿಗೆ ಯಾರೋ ಮಾತಾಡಿದ ಹಾಗೆ ಕೇಳ್ತಿತ್ತಂತೆ. ಡಾಕ್ಟರ್ ಹತ್ರ ಹೋದ್ರು. ಈಗ ಮಾತ್ರೆ ತಗೊಳ್ತಾನೆ, ಸೋಮವಾರದಿಂದ ಕಾಲೇಜಿಗೆ ಹೋಗ್ತಾನಂತೆ. ಉಪ್ಪಿನಕಾಯಿ ಹಾಕಿ ಅಜ್ಜಿ."

ಭರಣಿ ನನ್ನ ಕೈಯಲ್ಲೇ ಇತ್ತು. "ಅದು ಯಾರ ದನಿ ಅಂತ ಮನೆಯವರು ಕೇಳಿದರಾ?" ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅದನ್ನು ಯಾಕೆ ಕೇಳುದು ಅಜ್ಜಿ? ಅವನಿಗೆ ಹುಷಾರಿಲ್ಲ, ಅಷ್ಟೇ ಅಲ್ವಾ?"

ನಾನು ಉಪ್ಪಿನಕಾಯಿ ಬಡಿಸಿದೆ. ಅಷ್ಟು ಸಣ್ಣ ಮಾತು ನಮ್ಮ ಮನೆಯಲ್ಲಿ ಒಂದಿಡೀ ವರ್ಷ ಯಾರಿಗೂ ಹೊಳೆದಿರಲಿಲ್ಲ.