ಮಡಕೆ ಗಾಡಿಯಲ್ಲಿ ಹೋದ ಆಂಪ್ಲಿಫಯರ್

ಸ್ನೇಹಿತರೇ, ನಾಳೆಯ ತಾಳಮದ್ದಳೆಗೆ ಮೈಕ್ ಉಂಟು, ಚಿಂತೆ ಬೇಡ. ಅದಕ್ಕಾಗಿ ನೀವು ನೆನೆಯಬೇಕಾದದ್ದು ನನ್ನನ್ನಲ್ಲ, ಕುಂಬಾರ ಬಾಬು ಮೂಲ್ಯರನ್ನು.

ಸ್ವರ ನಿಂತುಹೋದ ಆಂಪ್ಲಿಫಯರನ್ನು ಮೂಡುಬಿದಿರೆಗೆ ರಿಪೇರಿಗೆ ಒಯ್ಯಲೆಂದು ಇವತ್ತು ಬೆಳಿಗ್ಗೆ ನಾನೂ ತಮ್ಮನೂ ಏದುಸಿರು ಬಿಡುತ್ತ ಬೆಳುವಾಯಿಯಲ್ಲಿ ಬಸ್ಸು ನಿಲ್ಲುವಲ್ಲಿಗೆ ಹೊತ್ತು ತಂದೆವು. ಕಂಡಕ್ಟರ್ ಒಂದು ಬದಿ ಎತ್ತಿ ನೋಡಿ, "ಇದು ಒಳಗೆ ಆಗುವುದಿಲ್ಲ ಮಾರಾಯ್ರೆ, ಟಾಪಿಗೆ ಹಾಕುವ" ಎಂದ. ಪೆಟ್ಟಿಗೆಯೊಳಗೆ ಇರುವುದು ಗಾಜಿನ ವಾಲ್ವುಗಳು. ಟಾಪಿನ ಕುಲುಕಾಟಕ್ಕೆ ಒಂದೂ ಉಳಿಯುತ್ತಿರಲಿಲ್ಲ. ನಾನು ಒಪ್ಪಲಿಲ್ಲ, ಬಸ್ಸು ಹೊರಟುಹೋಯಿತು.

ಮೂಡುಬಿದಿರೆಯ ಸಂತೆಗೆ ಎತ್ತಿನ ಗಾಡಿಯಲ್ಲಿ ಮಡಕೆ ಒಯ್ಯುತ್ತಿದ್ದ ಮೂಲ್ಯರು ನಮ್ಮನ್ನು ಕಂಡು ನಿಂತು ಸಂಗತಿ ಕೇಳಿದರು. "ಒಡೆಯುವ ಸಾಮಾನಾ? ಹಾಗಾದ್ರೆ ಇದರಲ್ಲೇ ಇಡಿ" ಎಂದು ಮಡಕೆಗಳನ್ನು ಅಂಚಿಗೆ ಸರಿಸಿ, ನಡುವಿನ ದಪ್ಪ ಬೈಹುಲ್ಲನ್ನು ಪೆಟ್ಟಿಗೆಗೆ ಬಿಟ್ಟುಕೊಟ್ಟರು.

ರಿಪೇರಿಯವರು ಮುಚ್ಚಳ ತೆಗೆದು ನೋಡಿದರೆ ವಾಲ್ವುಗಳೆಲ್ಲ ಸರಿಯಾಗಿದ್ದವು, ಒಂದು ತಂತಿ ಬಿಟ್ಟಿತ್ತು ಅಷ್ಟೆ. ಮಧ್ಯಾಹ್ನದೊಳಗೆ ಸ್ವರ ಬಂತು.

ದಾರಿಯಲ್ಲಿ ಒಡೆದದ್ದು ಮೂಲ್ಯರ ಎರಡು ಮಡಕೆಗಳು. ನಾನು ಸಂಕಟಪಟ್ಟುಕೊಂಡಾಗ ಅವರು ಹೇಳಿದರು: "ಮಡಕೆ ನಾಳೆಯೂ ಮಾಡ್ತೇನೆ. ನಿಮ್ಮದನ್ನು ಮಾಡ್ಲಿಕ್ಕೆ ನನಗೆ ಬರುವುದಿಲ್ಲವಲ್ಲ."