ಬೆಡ್‌ಶೀಟಿನ ಇನ್ನೊಂದು ತುದಿ

ನಮ್ಮ ದೊಡ್ಡಮ್ಮನ ಬಾಯಿಗೆ ಹೆದರದವರಿಲ್ಲ. ಇಪ್ಪತ್ತೆರಡು ವರ್ಷದಿಂದ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಬೆಡ್‌ಶೀಟು ಒಗೆದು, ಇಸ್ತ್ರಿ ಮಾಡಿ, ಮಡಚುತ್ತಿದ್ದಾಳೆ. ಆ ಯಂತ್ರಗಳ ಸದ್ದಿನಲ್ಲಿ ಕೂಗದೆ ಕೆಲಸವಾಗುವುದಿಲ್ಲ. "ಹಿಡಿ! ಎಳಿ! ಬಾ!" ಇಷ್ಟೇ ಅವಳ ಮಾತು, ಮನೆಯಲ್ಲೂ.

ಮೇಲ್ವಿಚಾರಕಿಯ ಹುದ್ದೆ ಎರಡು ಸಲ ಅವಳ ಕೈತಪ್ಪಿತ್ತು. ಕೆಲಸಕ್ಕೆ ಬರುವವರು ಹತ್ತು ಭಾಷೆಯವರು, ಅವರಿಗೆ ಇಂಗ್ಲಿಷಿನಲ್ಲಿ ಹೇಳಿಕೊಡಬೇಕು, ಇವಳಿಗೆ ಇಂಗ್ಲಿಷ್ ಬಾರದು ಎಂಬುದೇ ನೆಪ. ಎರಡು ಸಲವೂ ಆ ಕುರ್ಚಿಗೆ ಬಂದು ಕೂತವರಿಗೆ ಬೆಡ್‌ಶೀಟು ಮಡಚಲು ಕಲಿಸಿದ್ದು ದೊಡ್ಡಮ್ಮನೇ! ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೂರನೇ ಸಲ ಹುದ್ದೆ ಖಾಲಿಯಾದಾಗ ಇಂಗ್ಲಿಷ್ ಪಾಠ ಹೇಳುವ ಕೆಲಸ ನನ್ನ ಹೆಗಲಿಗೆ ಬಿತ್ತು.

"ಬರೀ ಹೋಲ್ಡ್ ದಿಸ್ ಅಂದ್ರೆ ಬೈದ ಹಾಗಿರುತ್ತೆ ದೊಡ್ಡಮ್ಮ. ಕೊನೆಗೆ ವಿಲ್ ಯು ಸೇರಿಸು. ಸ್ವಲ್ಪ ಹಿಡ್ಕೊಳ್ತೀರಾ ಅಂತ ಕೇಳಿದ ಹಾಗಾಗುತ್ತೆ. ಡೋಂಟ್ ಅಂದ್ರೂ ಅದೇ ವಿಲ್ ಯು."

"ಮಾಡು ಅಂದ್ಮೇಲೆ ಮಾಡ್ತೀಯಾ ಅಂತ ಕೇಳೋದ್ಯಾಕೆ? ಇಲ್ಲ ಅಂದ್ಬಿಟ್ರೆ?"

"ಅನ್ನಲ್ಲ."

ಮೂಗು ಮುರಿದಳು. ಆದರೂ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಗುನುಗುತ್ತಲೇ ಇದ್ದಳು.

ಸಂದರ್ಶನದಲ್ಲಿ ಮ್ಯಾನೇಜರು, "ಹೊಸಬರಿಗೆ ಹೇಗೆ ಕಲಿಸ್ತೀರಿ? ಇಂಗ್ಲಿಷಲ್ಲಿ ಹೇಳಿ" ಎಂದರಂತೆ. ಖಾಲಿ ಕೈಯಲ್ಲಿ ಕೂತು ಮಾತಾಡಿ ದೊಡ್ಡಮ್ಮನಿಗೆ ಅಭ್ಯಾಸವೇ ಇಲ್ಲ. ಮ್ಯಾನೇಜರು ಗಡಿಯಾರ ನೋಡಿದರು. ಇವಳು ಎದ್ದು ಹೊರಗೆ ನಡೆದೇಬಿಟ್ಟಳು. ಕತೆ ಮುಗಿಯಿತು ಎಂದುಕೊಂಡರೇನೋ ಪಾಪ, ಅಷ್ಟರಲ್ಲಿ ವರಾಂಡದ ತಳ್ಳುಗಾಡಿಯಿಂದ ಡಬಲ್ ಬೆಡ್‌ಶೀಟು ಎತ್ತಿಕೊಂಡು ವಾಪಸ್ಸು ಬಂದಳು. ಅದು ಒಬ್ಬರಿಂದ ನೆಟ್ಟಗೆ ಮಡಚಲಾಗದ್ದು. ಎರಡು ಮೂಲೆ ಅವರ ಕೈಗಿಟ್ಟಳು.

"ಹೋಲ್ಡ್ ದಿಸ್, ವಿಲ್ ಯು?"

ಕೋಟು ಟೈ ತೊಟ್ಟ ಮನುಷ್ಯ ಎದ್ದು ನಿಂತು ಹಿಡಿದುಕೊಂಡರು.

"ಪುಲ್, ವಿಲ್ ಯು? ಡೋಂಟ್ ಡ್ರಾಪ್ ಇಟ್, ವಿಲ್ ಯು? ಕಮ್ ಹಿಯರ್, ವಿಲ್ ಯು?"

ಎಳೆದರು. ಬೀಳಿಸಲಿಲ್ಲ. ಬಂದರು. ಮೂಲೆಗೆ ಮೂಲೆ ಸರಿಯಾಗಿ ಕೂಡಿತು. ಮಡಚಿದ ಬೆಡ್‌ಶೀಟನ್ನು ಮೇಜಿನ ಮೇಲಿಟ್ಟು, "ನಾಳೆಯಿಂದ ಮೇಲ್ವಿಚಾರಕಿ ನೀವೇ" ಎಂದರಂತೆ.

ಸಂಜೆ ಇದನ್ನೆಲ್ಲ ಹೇಳುತ್ತಲೇ ದೊಡ್ಡಮ್ಮ ತಂತಿಯ ಮೇಲೆ ಒಣಗಿದ್ದ ಬೆಡ್‌ಶೀಟು ಎಳೆದು ಒಂದು ತುದಿ ನನ್ನತ್ತ ಎಸೆದಳು.

"ಹಿಡಿ!"

"ವಿಲ್ ಯು ಎಲ್ಲಿಗೆ ಹೋಯ್ತು?"

"ಅದು ಇಲ್ಲ ಅಂದ್ಬಿಡೋರಿಗೆ ಕಣೇ. ನೀನು ಇಲ್ಲ ಅಂತೀಯಾ?"

ಎರಡೂ ಮೂಲೆ ಬಿಗಿಯಾಗಿ ಹಿಡಿದುಕೊಂಡೆ.