ಕಲ್ಯಾಣದಲ್ಲಿ ಬಲಕ್ಕೆ ತಿರುಗಿದ ಜೆಟ್

ನನಗೆ ಐವತ್ತೊಂಬತ್ತು. ಸಕ್ಕರೆ ಕಾಯಿಲೆಯಿಲ್ಲ, ಕಣ್ಣು ಸರಿಯಿದೆ, ಕೈ ನಡುಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂಬೈ ಹತ್ತಿರದ ತುರ್ಭೆಯ ಒಂದು ಗೋದಾಮಿನಲ್ಲಿ ಪ್ರತಿ ಭಾನುವಾರ ಯಾರಾದರೊಬ್ಬರಿಗೆ ಇದನ್ನು ಹೇಳಬೇಕಾಗುತ್ತಿತ್ತು.

ಇಂಡಸ್ಟ್ರಿಯಲ್ ಎಸ್ಟೇಟಿನ ಆ ಗೋದಾಮಿನ ಮೂಲೆಯಲ್ಲಿ ವಿಮಾನದ ಹುಚ್ಚು ಹಿಡಿದ ಐದಾರು ಗಂಡಸರು ಸೇರಿ ಹಳೆಯ ಕಾಲದ ಯುದ್ಧವಿಮಾನವೊಂದರ ಕಾಕ್‌ಪಿಟ್ ಕಟ್ಟಿದ್ದರು. ನಿಜವಾದದ್ದಲ್ಲ, ನೆಲದ ಮೇಲೇ ಕೂತು ಹಾರಿಸುವ ಸಿಮ್ಯುಲೇಟರ್. ಒಂದರ ಹಿಂದೆ ಒಂದು ಎರಡು ಸೀಟು, ಎದುರಿಗೆ ದೊಡ್ಡ ಪರದೆ. ಮುಂದೆ ಕೂತವರು ಹಾರಿಸುತ್ತಾರೆ, ಹಿಂದೆ ಕೂತವರು ನಕ್ಷೆ ಹಿಡಿದು ದಾರಿ ಹೇಳುತ್ತಾರೆ. ಆ ಕಾಲದ ಜೆಟ್ಟಿನಲ್ಲಿ ಈಗಿನ ಫೋನಿನ ಹಾಗೆ ದಾರಿ ತೋರಿಸುವ ಸೌಕರ್ಯವೆಲ್ಲ ಎಲ್ಲಿ! ದಿಕ್ಸೂಚಿ, ಗಡಿಯಾರ, ಕಾಗದದ ನಕ್ಷೆ, ಅಷ್ಟೇ. ಇಷ್ಟು ಡಿಗ್ರಿಗೆ ಮೂತಿ ತಿರುಗಿಸಿ ಇಷ್ಟು ನಿಮಿಷ ಹಾರಿದರೆ ಇಂಥ ಊರು. ಠಾಣೆ ಊರಿನ ಆಫೀಸಿನಿಂದ ನಿವೃತ್ತಳಾದ ಮೇಲೆ ನನಗೆ ಹಿಡಿದ ಹುಚ್ಚು ಇದು.

ಎಂಟು ತಿಂಗಳು ಹಿಂದಿನ ಸೀಟಿನಲ್ಲಿ ಕೂತೆ. ವರ್ಷಕ್ಕೊಂದು ಭಾನುವಾರ ಎಲ್ಲರ ಮನೆಯವರೂ ನೋಡಲು ಬರುತ್ತಾರೆ. ಆ ದಿನ ಮುಂದಿನ ಸೀಟು ನನಗೆ ಬೇಕು ಎಂದೆ. ಗೋದಾಮಿನ ಯಜಮಾನ ನಕ್ಕ. ನಮ್ಮ ಕರಾವಳಿಯ ಹೋಟೆಲಿನವರ ಮಗ, ಇಲ್ಲೇ ಹುಟ್ಟಿದವನು, ನಲವತ್ತರ ಹತ್ತಿರದ ಆಸಾಮಿ.

"ಆಂಟಿ, ಟೆನ್ಶನ್ ಮತ್ ಲೋ. ಫ್ರಂಟ್ ಸೀಟಿಗೆ ಟೆಸ್ಟ್ ಉಂಟು. ಮುಂಬೈಯಿಂದ ನಾಸಿಕ್, ಒಬ್ಬರೇ ದಾರಿ ಹುಡುಕ್ಬೇಕು. ಪಾಸಾದ್ರೆ ಫ್ರಂಟ್ ಸೀಟ್ ನಿಮ್ದೇ, ಬಸ್."

"ಕೊಡು ಮಾರಾಯ, ಅದಕ್ಕೆಂತ," ಎಂದೆ.

ಕಲಿಸಿದವರು ಮಾಸ್ತರರು. ಹಾಗೆಂದು ಕರೆಯುವುದು ಅಷ್ಟೇ. ಹುಬ್ಬಳ್ಳಿ ಕಡೆಯವರು, ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರ ಮಾಡಿದವರು. ಗುಂಪಿನಲ್ಲಿ ನಕ್ಷೆಯನ್ನು ಚೆನ್ನಾಗಿ ಓದಬಲ್ಲವರು ಅವರೊಬ್ಬರೇ. "ನಿಮ್ಮ ಡೊಂಬಿವಲಿಯಿಂದ ಕಲ್ಯಾಣ ಯಾವ ದಿಕ್ಕಿಗೈತ್ರಿ?" ಎಂದು ಮೊದಲ ದಿನವೇ ಕೇಳಿದ್ದರು. "ಎಂಟು ನಿಮಿಷ," ಎಂದಿದ್ದೆ. ತಪ್ಪೇನು? ಇಲ್ಲಿ ದೂರವೆಂದರೆ ಲೋಕಲ್ ರೈಲಿನ ನಿಮಿಷ. ಪೂರ್ವ ಪಶ್ಚಿಮವೆಂದರೆ ಸ್ಟೇಷನ್ನಿನ ಆಚೆ ಬದಿ, ಈಚೆ ಬದಿ. ಉತ್ತರ ದಕ್ಷಿಣವನ್ನು ಕಟ್ಟಿಕೊಂಡು ಯಾರಿಗೆ ಏನಾಗಬೇಕು?

ಪರೀಕ್ಷೆಯ ದಿನ ಮುಂಬೈಯಿಂದ ಏರಿದೆ. ನಿಮಿಷಕ್ಕೆ ಹದಿಮೂರು ಕಿಲೋಮೀಟರ್ ವೇಗ. ಠಾಣೆ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಕೆಳಗೆ ರೈಲು ಹಳಿ ಕಂಡಿತು ನೋಡಿ, ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ದಿಕ್ಸೂಚಿ ಬಿಟ್ಟು ಹಳಿ ಹಿಡಿದೆ. ಕಲ್ಯಾಣದಲ್ಲಿ ಹಳಿ ಕವಲಾಗುತ್ತದೆ. ಎಡಕ್ಕೆ ಹೋದರೆ ಕಸಾರಾ, ಅದೇ ನಾಸಿಕದ ದಾರಿ. ಬಲಕ್ಕೆ ಹೋದರೆ ಕರ್ಜತ್. ಮೊದಲು ಹದಿನೆಂಟು ವರ್ಷ ನಮ್ಮ ಮನೆ ಕರ್ಜತ್ ದಾರಿಯ ಬದ್ಲಾಪುರದಲ್ಲಿತ್ತು. ದಿನಾ ಸಂಜೆ ಲೋಕಲ್ ಕಲ್ಯಾಣ ಬಿಟ್ಟು ಬಲಕ್ಕೆ ತಿರುಗಿದಾಗ ನಾನು ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಸರಿಯುತ್ತಿದ್ದೆ. ಈಗಲೂ ಕೈ ತಾನಾಗಿ ಬಲಕ್ಕೇ ತಿರುಗಿತು. ನಾಸಿಕ ಹುಡುಕುತ್ತ ಹೋಗಿ ಘಾಟಿನ ಬೆಟ್ಟಕ್ಕೆ ಡಿಕ್ಕಿ ಹೊಡೆದೆ.

"ಆಂಟಿ ಬದ್ಲಾಪುರ್ ಚಲೀ ಗಯೀ!" ಎಂದು ಯಜಮಾನ ಚಪ್ಪಾಳೆ ತಟ್ಟಿ ನಕ್ಕ. ಉಳಿದವರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ತಪ್ಪು ನನ್ನದೇ, ಒಪ್ಪಿದೆ. ಆದರೆ ಹಿಂದಿನ ತಿಂಗಳು ಇದೇ ಮಹಾಶಯ ಸಮುದ್ರಕ್ಕೆ ಬಿದ್ದಾಗ ಎಲ್ಲರೂ ಸೇರಿ ಬೆನ್ನು ಸವರಿದ್ದರಲ್ಲ! ಅವನು ಬಿದ್ದರೆ ಯಂತ್ರದ ದೋಷ, ನಾನು ಬಿದ್ದರೆ ಹೆಂಗಸಿನ ಬುದ್ಧಿ. ಥೂ, ಇವರ ನ್ಯಾಯಕ್ಕಿಷ್ಟು ಬೆಂಕಿ ಹಾಕ.

"ಹಳಿ ನಂಬಬ್ಯಾಡ್ರಿ ಅಕ್ಕಾರ, ದಿಕ್ಸೂಚಿ ಮುಳ್ಳು ನಂಬ್ರಿ," ಎಂದರು ಮಾಸ್ತರರು. "ನಿಮಿಷದ ಲೆಕ್ಕಾ ನಿಮಗ ಹೇಳಿಕೊಡೂದು ಬ್ಯಾಡ."

ಮೂರು ವಾರ ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಸ್ಕೇಲು ಇಟ್ಟು ಗೆರೆ ಎಳೆದೆ. "ಇದೆಂತ ಮಾರಾಯ್ತಿ, ಇನ್ನು ಊಟಕ್ಕೆ ನಾಸಿಕಕ್ಕೇ ಹೋಗ್ಬೇಕಾ?" ಎಂದು ನಮ್ಮವರು ತಟ್ಟೆ ಹಿಡಿದು ನಿಂತೇ ಕೇಳಿದರು.

ಎರಡನೆಯ ಸಲ ಯಜಮಾನ ಬೇಕೆಂದೇ ಕೆಳಗೆಲ್ಲ ಮೋಡ ಹಾಕಿಟ್ಟಿದ್ದ. ಪುಣ್ಯಾತ್ಮ, ಒಳ್ಳೆಯದೇ ಮಾಡಿದ, ಹಳಿ ಕಾಣಲಿಲ್ಲ. ಅರವತ್ತು ಡಿಗ್ರಿಯಲ್ಲಿ ಎರಡೂವರೆ ನಿಮಿಷ, ಕಲ್ಯಾಣ. ಎಡಕ್ಕೆ ತಿರುಗಿ ನಲವತ್ತು ಡಿಗ್ರಿಯಲ್ಲಿ ಹತ್ತು ನಿಮಿಷ. ದಿಕ್ಸೂಚಿ, ಗಡಿಯಾರಗಳಿಂದ ಕಣ್ಣು ಕದಲಿಸಲಿಲ್ಲ. ಮೋಡದ ಕೆಳಗೆ ಇಳಿದಾಗ ರನ್‌ವೇ ಮೂಗಿನ ನೇರಕ್ಕೇ ಇತ್ತು. ಮಾಸ್ತರರು ಎದ್ದು ನಿಂತರು.

"ಸೂಪರ್ ಆಂಟಿ!" ಎಂದ ಯಜಮಾನ. "ದಾರಿ ಇಷ್ಟು ಚೆಂದ ಗೊತ್ತುಂಟಲ್ಲ, ಫಂಕ್ಷನ್ ದಿನ ನೀವೇ ನನ್ನ ಬ್ಯಾಕ್ ಸೀಟ್. ನಾನು ಹಾರಿಸ್ತೇನೆ, ನೀವು ದಾರಿ ಹೇಳಿ."

ಅಟ್ಟಕ್ಕೇರಿಸಿ ಏಣಿ ತೆಗೆಯುವುದೆಂದರೆ ಇದೇ.

"ಪಾಸಾದವರಿಗೆ ಫ್ರಂಟ್ ಸೀಟ್ ಅಂತ ಹೇಳಿದ್ದು ನೀನೇ ಅಲ್ವಾ?"

"ಹಾಂ, ಲೇಕಿನ್ ಎಲ್ಲರ ಫ್ಯಾಮಿಲಿ ಬರ್ತದೆ ಆಂಟಿ. ರಿಸ್ಕ್ ಕ್ಯೂಂ ಲೇನಾ?"

"ನೀನು ಈ ಟೆಸ್ಟ್ ಪಾಸಾದದ್ದು ಯಾವಾಗ?"

ಅವನು ಮಾಸ್ತರರ ಮುಖ ನೋಡಿದ. ಮಾಸ್ತರರು ನೆಲ ನೋಡಿದರು. ಉಳಿದವರ ಕಡೆ ತಿರುಗಿ ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬರೂ ಅದಕ್ಕೆ ಕೂತವರಲ್ಲ. ಅಂಥ ಪರೀಕ್ಷೆಯೇ ಇರಲಿಲ್ಲ. ನಾನು ಸೀಟು ಕೇಳಿದ ದಿನ ಅದು ಹುಟ್ಟಿತ್ತು. ಕಣ್ಣಲ್ಲಿ ನೀರು ಬಂತು. ಅಳು ಅಲ್ಲ, ಸಿಟ್ಟು.

ಪ್ರದರ್ಶನದ ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಮನೆಯವರೆಲ್ಲ ಬಂದು ಕುರ್ಚಿ ತುಂಬಿದರು. ಯಜಮಾನ ಬಂದು ಪಕ್ಕದಲ್ಲಿ ನಿಂತು, "ಆಂಟಿ, ಪ್ಲೀಸ್," ಎಂದು ಮೆತ್ತಗೆ ಹೇಳಿದ. ನಾನು ಹೆಡ್‌ಫೋನ್ ಹಾಕಿಕೊಂಡೆ. ಅಷ್ಟು ಜನರೆದುರು ಎಬ್ಬಿಸುವುದು ಅವನಿಂದಾಗಲಿಲ್ಲ.

ಆಮೇಲೆ ಯಾರೋ ಹಿಂದಿನ ಸೀಟಿಗೆ ಹತ್ತಿದರು. ಮಾಸ್ತರರು.

"ನಂದೂ ತಪ್ಪಾತ್ರಿ ಅಕ್ಕಾರ. ಗೊತ್ತಿದ್ದೂ ಸುಮ್ಕಿದ್ದೆ."

ಪರವಾಗಿಲ್ಲ ಬಿಡಿ ಎಂಬ ಮಾತು ನಾಲಿಗೆ ತುದಿಗೇ ಬಂದಿತ್ತು. ಮನೆಯಲ್ಲಿ, ಆಫೀಸಿನಲ್ಲಿ, ಜೀವಮಾನವಿಡೀ ಅದನ್ನೇ ಹೇಳಿಕೊಂಡು ಬಂದವಳು. ನುಂಗಿಕೊಂಡೆ.

"ನಕ್ಷೆ ಹಿಡ್ಕೊಳ್ಳಿ," ಎಂದೆ.